ಲೀನ್ ಓಡುವ ಎಂಜಿನ್ನಿಗೆ ಬ್ಲೂಟೂತ್ ಡಾಂಗಲ್ಲಾ, ವೈರ್ ಸ್ಕ್ಯಾನರಾ, ಸ್ಪ್ರೇ ಡಬ್ಬಿಯಾ?

ಮೊದಲೇ ಹೇಳಿಬಿಡುತ್ತೇನೆ, ಕಾರಿನ ಎಂಜಿನ್ ದೋಷ ಹುಡುಕುವ ಸಾಧನಗಳಲ್ಲಿ ನನ್ನ ಓಟು ವೈರ್ ಇರುವ ಹ್ಯಾಂಡ್‌ಹೆಲ್ಡ್ ಸ್ಕ್ಯಾನರ್‌ಗೆ. ನನ್ನ ಹಳೆಯ ಬಿಎಸ್4 ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿ ಪಿ0171 ಕೋಡ್ ಬಂದಾಗ, ಗ್ಯಾರೇಜಿನವರು ಎಕ್ಸಾಸ್ಟಿನಲ್ಲಿ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿ ಅಂದರು. ಆದರೆ ಆ ಕೋಡ್ ಹೇಳುವುದು ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ (ಇದೇ ಲೀನ್) ಅಂತ ಅಷ್ಟೇ. ಗಾಳಿ ಎಲ್ಲೋ ನುಗ್ಗುತ್ತಿದ್ದರೆ ಹೊಸ ಸೆನ್ಸರ್ ಹಾಕಿದರೂ ಅದೇ ಮಾತು ಹೇಳುತ್ತದೆ, ಅಲ್ವಾ?

ನೋಡಬೇಕಾದ್ದು ಫ್ಯೂಯೆಲ್ ಟ್ರಿಮ್. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಕೊಡುತ್ತಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಆಚೆ ಈಚೆ 10ರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನನ್ನದರಲ್ಲಿ ಶಾರ್ಟ್ (ಆ ಕ್ಷಣದ ತಿದ್ದುಪಡಿ), ಲಾಂಗ್ (ನಿಧಾನವಾಗಿ ಕಲಿತ ತಿದ್ದುಪಡಿ) ಎರಡೂ ಕೂಡಿಸಿದರೆ ಐಡಲ್‌ನಲ್ಲಿ 20 ದಾಟುತ್ತಿತ್ತು. 2500 ಆರ್‌ಪಿಎಂಗೆ ಏರಿಸಿದರೆ 7ರ ಹತ್ತಿರ ಇಳಿಯುತ್ತಿತ್ತು. ಹೀಗಿದ್ದರೆ ಗಾಳಿ ಒಳಬಿಡುವ ಬಾಗಿಲಾದ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಲೀಕ್ ಇರುವ ಸಾಧ್ಯತೆ ಹೆಚ್ಚು. ಉಲ್ಟಾ, ಹೆಬ್ಬಾಳದ ಫ್ಲೈಓವರ್ ಹತ್ತುವಾಗ ಟ್ರಿಮ್ ಏರಿದರೆ ಪಂಪ್, ಫಿಲ್ಟರ್ ಇಲ್ಲವೇ ಕೊಳೆ ಹಿಡಿದ ಎಂಎಎಫ್ (ಒಳಬರುವ ಗಾಳಿ ಅಳೆಯುವ) ಸೆನ್ಸರ್ ನೋಡಿ. ಉಳಿದ ಆ 7ರ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದರೆ ಶೇಕಡಾ 20 ಎಥೆನಾಲ್ ಬೆರೆತ ಇ20ಗೆ ಸುಮಾರು 13.5 ಸಾಕು. ಹಳೆಯ ಕಾರು ಟ್ರಿಮ್ ಏರಿಸಿಯೇ ಅದನ್ನು ಸರಿದೂಗಿಸುತ್ತದೆ.

ಎಸ್‌ಪಿ ರೋಡಿನಲ್ಲಿ ತಂದ ಅಗ್ಗದ ಇಎಲ್‌ಎಂ327 ಡಾಂಗಲ್ (ಕಾರಿನ ಒಬಿಡಿ ಅನ್ನುವ ಪರೀಕ್ಷಾ ಪೋರ್ಟಿಗೆ ಚುಚ್ಚಿದರೆ ಫೋನಿಗೆ ಡೇಟಾ ಕಳಿಸುವ ಪುಟ್ಟ ಸಾಧನ) ಇಷ್ಟನ್ನೆಲ್ಲ ತೋರಿಸಿತು. ಬೆಲೆಗೆ ಮೋಸವಿಲ್ಲ. ತೊಂದರೆ ಶುರುವಾಗಿದ್ದು ಲೀಕ್ ಇರುವ ಜಾಗ ಹುಡುಕುವಾಗ.

ಎಂಜಿನ್ ಐಡಲ್‌ನಲ್ಲಿಟ್ಟು ಇನ್‌ಟೇಕ್ ಮ್ಯಾನಿಫೋಲ್ಡ್, ಹೋಸ್‌ಗಳ ಸುತ್ತ ಕಾರ್ಬ್ ಕ್ಲೀನರ್ ಒಂದೊಂದು ಚಿಟಿಕೆ ಹೊಡೆಯಬೇಕು. ಬಿರುಕಿಗೆ ತಾಗಿದ ತಕ್ಷಣ ಎಂಜಿನ್ ಅದನ್ನು ಒಳಗೆಳೆಯುತ್ತದೆ, ಶಾರ್ಟ್ ಟರ್ಮ್ ಟ್ರಿಮ್ ದಢಕ್ಕನೆ ಇಳಿಯುತ್ತದೆ. ಆ ಕ್ಷಣ ಎಲ್ಲಿ ಹೊಡೆದಿರಿ ಅನ್ನುವುದೇ ಮುಖ್ಯ. ಡಾಂಗಲ್‌ನಲ್ಲಿ ನಂಬರ್ ತಡವಾಗಿ ಬರುತ್ತಿತ್ತು. ನಾನು ಬ್ರೇಕ್ ಬೂಸ್ಟರ್ ಹೋಸ್‌ಗೆ ಹೋದ ಮೇಲೆ ಟ್ರಿಮ್ ಇಳಿಯುತ್ತಿತ್ತು, ಹಿಂದಿನ ಜಾಗದ್ದಾ ಇಲ್ಲಿನದ್ದಾ ಗೊತ್ತಾಗುತ್ತಿರಲಿಲ್ಲ. ಸ್ಕ್ರೀನಿನಿಂದ ಬೇರೆ ಗೇಜ್‌ಗಳನ್ನೆಲ್ಲ ತೆಗೆದು ಒಂದೇ ಇಟ್ಟಾಗ ಸ್ವಲ್ಪ ವಾಸಿ. ಅಷ್ಟರಲ್ಲಿ ಬ್ಲೂಟೂತ್ ಕಟ್. ಮತ್ತೆ ಕನೆಕ್ಟ್ ಆಗುವಷ್ಟರಲ್ಲಿ ರೇಡಿಯೇಟರ್ ಫ್ಯಾನ್ ತಿರುಗಿ ಸ್ಪ್ರೇಯನ್ನೆಲ್ಲ ಚದುರಿಸಿಬಿಡುತ್ತಿತ್ತು.

ವೈರ್ ಸ್ಕ್ಯಾನರ್‌ಗೆ ಎರಡು ಸಾವಿರ ಚಿಲ್ಲರೆ ಕೊಟ್ಟೆ. ಗ್ರಾಫ್ ಹಾಕಿ ಡ್ಯಾಶ್ ಮೇಲಿಟ್ಟು ಮಗಳನ್ನು ನೋಡಲು ಕೂರಿಸಿದೆ. ಪಿಸಿವಿ ಹೋಸ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪೈಪು) ಬಾಗುವ ಕಡೆ ಹೊಡೆದಾಗ "ಇಳೀತು" ಅಂತ ಕೂಗಿದಳು. ಎಂಜಿನ್ ಆಫ್ ಮಾಡಿ ಹೋಸ್ ಬಿಚ್ಚಿದೆ. ಮೇಲಿಂದ ನೋಡಿದರೆ ಕಪ್ಪಗೆ, ನಯವಾಗಿ ಚೆನ್ನಾಗೇ ಇತ್ತು. ತಿರುಗಿಸಿ ಹೆಬ್ಬೆರಳಲ್ಲಿ ಒತ್ತಿದರೆ ಕೆಳಬದಿಯ ಬಿರುಕು ಬಾಯಿ ಬಿಟ್ಟಿತು, ಉಗುರು ಒಳಗೆ ಹೋಗುವಷ್ಟು. ಹೊಸ ಹೋಸ್ ಜೆಸಿ ರೋಡಿನಲ್ಲಿ ಸಿಕ್ಕಿತು. ಸೆನ್ಸರ್‌ಗೆ ಕೇಳಿದ ದುಡ್ಡಿಗೆ ಹೋಲಿಸಿದರೆ ಅದೇನೂ ಅಲ್ಲ.

ಸ್ಪ್ರೇ ಒಂದೇ ಇಟ್ಟುಕೊಂಡು ಎಂಜಿನ್ ಸದ್ದು ಕೇಳಿ ಹುಡುಕುವವರೂ ಇದ್ದಾರೆ. ದೊಡ್ಡ ಲೀಕ್ ಆದರೆ ಸಾಕು. ಆದರೆ ಈ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ. ಬಿಸಿ ಎಕ್ಸಾಸ್ಟ್ ಹತ್ತಿರ ಬೇಡವೇ ಬೇಡ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಬೇಡ. ಬಯಲಿಗೆ ತನ್ನಿ.

ಇನ್‌ಟೇಕ್‌ಗೆ ಹೊಗೆ ಬಿಟ್ಟು ಎಲ್ಲಿ ಹೊರಬರುತ್ತದೆ ಅಂತ ನೋಡುವ ಪರೀಕ್ಷೆ ಎಲ್ಲಕ್ಕಿಂತ ಖಚಿತ, ಆದರೆ ವರ್ಷಕ್ಕೊಮ್ಮೆಯೂ ಬೇಕಾಗದ ಯಂತ್ರಕ್ಕೆ ನನ್ನ ಮನೆಯಲ್ಲಿ ಜಾಗವಿಲ್ಲ.

ಇನ್ನೊಂದು ವಿಷಯ. ವಾರವಿಡೀ ನಾನು ಮೆಟ್ರೋದಲ್ಲಿ ಓಡಾಡುತ್ತೇನೆ, ಕಾರು ನಿಂತೇ ಇರುತ್ತದೆ. ಒಬಿಡಿ ಪೋರ್ಟಿಗೆ ಕೀ ತೆಗೆದರೂ ಕರೆಂಟ್ ಇರುತ್ತದೆ, ಹಾಗಾಗಿ ಮರೆತು ಬಿಟ್ಟ ಡಾಂಗಲ್ ಸುಮ್ನೆ ಬ್ಯಾಟರಿ ತಿನ್ನುತ್ತದೆ. ದಿನಾ ಕಾರು ಓಡಿಸುವವರು, ಬರೀ ಟ್ರಿಮ್ ನೋಡಿದರೆ ಸಾಕು ಅನ್ನುವವರು ಡಾಂಗಲ್ಲನ್ನೇ ಕೊಳ್ಳಿ. ನಿಮ್ಮ ಕಾರಿನಲ್ಲಿ ಎಂಎಎಫ್ ಇದೆಯಾ ನೋಡಿಕೊಳ್ಳಿ. ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇದ್ದರೆ ಲೀಕ್ ಆದಾಗ ಟ್ರಿಮ್ ಅಷ್ಟಾಗಿ ಏರದೆ ಐಡಲ್ ಏರಬಹುದು. ವೈರ್ ಸ್ಕ್ಯಾನರ್ ಕೊಳ್ಳುವಾಗ ಲೈವ್ ಡೇಟಾ, ಗ್ರಾಫ್ ಎರಡೂ ಇದೆಯಾ ಕೇಳಿ. ಕೋಡ್ ಮಾತ್ರ ಓದುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.