ಬೆಳಗಾವಿಯಲ್ಲಿ ಹಿರಿಯರಿಗೆ ಯಾವುದು ಸರಿ: ವೃದ್ಧಾಶ್ರಮವೋ, ನರ್ಸಿಂಗ್ ಆರೈಕೆ ಕೇಂದ್ರವೋ?

ನಿಮ್ಮ ಅವ್ವ ತಾವೇ ಎದ್ದು ಓಡಾಡುತ್ತಾರೆ, ಗುಳಿಗೆ ನೆನಪಿಟ್ಟು ತೆಗೆದುಕೊಳ್ಳುತ್ತಾರೆ ಅಂದರೆ ಒಳ್ಳೆಯ ವೃದ್ಧಾಶ್ರಮ ಸಾಕು. ಖರ್ಚು ಸಾಮಾನ್ಯವಾಗಿ ಕಡಿಮೆ, ಮಾತಿಗೆ ಜನ ಸಿಗುತ್ತಾರೆ. ಆದರೆ ಲಕ್ವಾ ಹೊಡೆದು ಮಲಗಿದವರನ್ನು, ಮೂಗಿಗೆ ನಳಿಗೆ ಹಾಕಿದವರನ್ನು ಅಲ್ಲಿ ಬಿಡಬೇಡಿ. ಅವರಿಗೆ ಹಗಲು ರಾತ್ರಿ ನರ್ಸ್ ಇರುವ ಕೇಂದ್ರವೇ ಬೇಕು.

ವೃದ್ಧಾಶ್ರಮದಲ್ಲಿ ಮೊದಲು ಬಚ್ಚಲು ನೋಡಿ. ಬೆಳಗಾವಿ ಮಳೆಗಾಲದಲ್ಲಿ ನೆಲ ಬೇಗ ಒಣಗುವುದಿಲ್ಲ. ಜಾರುವ ಟೈಲ್ಸ್, ಗೋಡೆಗೆ ಹಿಡಿಕೆ ಇಲ್ಲ ಅಂದರೆ ಸೊಂಟದ ಮೂಳೆ ಮುರಿಯಲು ಒಂದು ರಾತ್ರಿ ಸಾಕು. ಊಟ, ಅಂಗಳ ಆಮೇಲೆ.

ನರ್ಸಿಂಗ್ ಕೇಂದ್ರದಲ್ಲಿ ನೋಡಬೇಕಾದ್ದು ಜಾಸ್ತಿ. ಚಿಕಿತ್ಸೆಯನ್ನೂ ಕೊಡುತ್ತೇವೆ ಅನ್ನುವವರ ಬಳಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಕೇಳಿ. ಮಲಗಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಿಮ್ಮಡಿ, ಬೆನ್ನಿನ ಕೆಳಭಾಗದಲ್ಲಿ ಹುಣ್ಣು ಏಳುತ್ತದೆ. ಯಾವ ಹೊತ್ತಿಗೆ ಮಗ್ಗುಲು ಬದಲಿಸಿದರು ಅಂತ ಬರೆದಿಡುವ ಚಾರ್ಟ್ ತೋರಿಸಿ ಅನ್ನಿ. ಸಂಜೆ 5ಕ್ಕೆ ಹೋದಾಗಲೇ ರಾತ್ರಿ 10ರ ಸಾಲು ತುಂಬಿದ್ದರೆ ಅಲ್ಲಿಂದ ಎದ್ದು ಬನ್ನಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಅವರಲ್ಲಿ ತರಬೇತಿ ಪಡೆದ ನರ್ಸ್ ಯಾರು ಅಂತ ಕೇಳಿ. ಕರೆಗಂಟೆ ನೀವೇ ಒತ್ತಿ ನೋಡಿ, ಯಾರಾದರೂ ಬರುತ್ತಾರಾ?

ಎರಡೂ ಕಡೆ ಒಂದು ಮಾತು. ಸಿಬ್ಬಂದಿಗೆ ಹಿರಿಯರ ಭಾಷೆ ಬರಬೇಕು, ಕನ್ನಡವೋ ಮರಾಠಿಯೋ. ನೋವು ಎಲ್ಲಿ ಅಂತ ಹೇಳಿಕೊಳ್ಳಲಾಗದೆ ಒದ್ದಾಡಬಾರದು ಅಲ್ವಾ? ಭೇಟಿಗೆ ಮುಂಚೆ ಫೋನ್ ಮಾಡಲೇಬೇಕು ಅನ್ನುವ ಜಾಗವನ್ನು ನಾನಂತೂ ಒಪ್ಪುವುದಿಲ್ಲ. ಕಿರುಕುಳದ ಅನುಮಾನ ಬಂದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.