ಕೊಣಾಜೆ ಲೈಬ್ರರಿಯೋ, ಪೇಟೆಯ ಎಸಿ ರೀಡಿಂಗ್ ರೂಮೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೊಣಾಜೆಗೆ, ಅಂದರೆ ಅಲ್ಲಿರುವ ಮಂಗಳೂರು ವಿವಿಯ ಲೈಬ್ರರಿಗೆ. ಮಂಗಳೂರು ಪೇಟೆಯ ಒಂದು ಎಸಿ ರೀಡಿಂಗ್ ರೂಮಿಗೆ ಮೂರು ತಿಂಗಳ 4,500 ರೂಪಾಯಿ ಮುಂಗಡ ಕಟ್ಟಿದ ಮೇಲೆ ಬಂದ ಬುದ್ಧಿ ಇದು.

ವಾರದಲ್ಲಿ ಮೂರು ದಿನ ನಾನು ಗೆಸ್ಟ್ ಲೆಕ್ಚರರ್, ಉಳಿದ ದಿನ ಪಿಎಚ್‌ಡಿ. ಮಂಗಳೂರು ವಿವಿಯಲ್ಲೇ ರಿಜಿಸ್ಟ್ರೇಶನ್. ಅಂದರೆ ಅಲ್ಲಿನ ಲೈಬ್ರರಿ ಕಾರ್ಡ್ ಪರ್ಸಿನಲ್ಲೇ ಇತ್ತು. ಆದರೂ ಬೇರೆ ಕಡೆ ದುಡ್ಡು ಕಟ್ಟಿದ್ದು ಬಸ್ಸಿನ ಉದಾಸೀನಕ್ಕೆ. ಪೇಟೆಯ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕೊಣಾಜೆಗೆ ಸುಮಾರು 20 ಕಿಲೋಮೀಟರ್. ಪಂಪ್‌ವೆಲ್, ತೊಕ್ಕೊಟ್ಟು, ದೇರಳಕಟ್ಟೆ ದಾಟುವಷ್ಟರಲ್ಲಿ ಗಂಟೆ ಹಾರಿರುತ್ತದೆ. ರೀಡಿಂಗ್ ರೂಮಿಗೆ ಮನೆಯಿಂದ ಹತ್ತು ನಿಮಿಷದ ನಡಿಗೆ.

ಕುರ್ಚಿ ಚೆನ್ನಾಗಿತ್ತು. ವೈಫೈ ಜೋರಿತ್ತು. ತಾಪತ್ರಯ ಇದ್ದದ್ದು ಬಾಗಿಲಲ್ಲಿ.

ಆ ಬಾಗಿಲು ಹೆಬ್ಬೆರಳು ಒತ್ತಿದರೆ ಮಾತ್ರ ತೆರೆಯುತ್ತದೆ. ನಾನು ಸೇರಿದ್ದು ಏಪ್ರಿಲ್‌ನಲ್ಲಿ. ನಮ್ಮ ಕಡೆ ಅದು ಗೇರುಬೀಜದ ಕಾಲ, ಅಲ್ವಾ? ಭಾನುವಾರ ವಿಟ್ಲದ ಅಮ್ಮನ ಮನೆಗೆ ಹೋದವಳು ಬೀಜ ಹೆಕ್ಕಿದೆ. ಸಂಜೆ ತೊಂಡೆಕಾಯಿ ಪಲ್ಯಕ್ಕೆಂದು ಹಸಿ ಬೀಜ ಸೀಳುತ್ತಾ ಕೂತೆ. ಕೈಗೆ ಎಣ್ಣೆ ಹಚ್ಚಿಕೋ ಎಂದು ಅಮ್ಮ ಹೇಳಿದ್ದು ಕೇಳಲಿಲ್ಲ. ಎರಡು ದಿನಕ್ಕೆ ಸೊನೆ ತಾಗಿದಲ್ಲೆಲ್ಲ ಕಪ್ಪಾಗಿ ಚರ್ಮ ಸುಲಿಯಿತು. ಬಾಗಿಲಿಗೆ ನನ್ನ ಗುರುತೇ ಸಿಗಲಿಲ್ಲ.

ಮಾಲೀಕರಿಗೆ ಫೋನ್ ಮಾಡಿದೆ. “ಕೈ ಒರೆಸಿ ಇನ್ನೊಮ್ಮೆ ಇಡಿ ಮೇಡಂ.” ಒರೆಸಿದೆ. “ಸ್ವಲ್ಪ ಒದ್ದೆ ಮಾಡಿ ನೋಡಿ.” ಮಾಡಿದೆ. ಬೇರೆ ಬೆರಳು ಸೇರಿಸಲು ಸಾಫ್ಟ್‌ವೇರ್ ಗೊತ್ತಿರುವ ಹುಡುಗನೇ ಬರಬೇಕಂತೆ. ಹತ್ತು ದಿನ ಅವನು ಬರಲಿಲ್ಲ. ಒಳಗಿನವರು ಇಯರ್‌ಫೋನ್ ಹಾಕಿಕೊಂಡು ಗಾಜಿನಾಚೆಯಿಂದ ಒಮ್ಮೆ ನೋಡುತ್ತಾರೆ, ಮತ್ತೆ ತಲೆ ಬಗ್ಗಿಸುತ್ತಾರೆ. ಯಾರಾದರೂ ಟಾಯ್ಲೆಟ್ಟಿಗೆಂದು ಹೊರಗೆ ಬಂದರೆ ನಾನು ಒಳಗೆ. ಒಂದು ದಿನ ಹಾಗೆ 40 ನಿಮಿಷ ಮೆಟ್ಟಿಲಲ್ಲಿ ಕೂತಿದ್ದೆ, ಸೆಖೆಯಲ್ಲಿ, ಎಸಿಗೆ ದುಡ್ಡು ಕೊಟ್ಟು.

ಮೆಟ್ಟಿಲಲ್ಲಿ ನೆನಪಾದವರು ಎಸ್.ಆರ್. ರಂಗನಾಥನ್. ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಇವರು 1917ರಲ್ಲಿ ಮೇಷ್ಟ್ರ ಕೆಲಸ ಶುರು ಮಾಡಿದ್ದು ನಮ್ಮ ಮಂಗಳೂರಲ್ಲೇ, ಗಣಿತ ಪಾಠ ಹೇಳುತ್ತಾ. ಆಗಿನ ಆ ಸರ್ಕಾರಿ ಕಾಲೇಜೇ ಈಗಿನ ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು. 1931ರಲ್ಲಿ ಅವರು ಲೈಬ್ರರಿಗಳಿಗೆ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು, ಓದುಗರ ಸಮಯ ಉಳಿಸಿ ಅಂತ. ಗೇರುಬೀಜದ ಸೊನೆಯ ವಿಷಯ ಅದರಲ್ಲಿ ಇಲ್ಲ, ಸರಿ.

ಒಳಗೆ ಹೋದರೂ ಅಲ್ಲಿ ಪುಸ್ತಕ ಒಂದೂ ಇಲ್ಲ. ಬ್ಯಾಂಕ್ ಪರೀಕ್ಷೆಯವರಿಗೆ ಅದು ಬೇಡ, ಅವರವರ ಗೈಡು ಅವರವರ ಚೀಲದಲ್ಲಿರುತ್ತದೆ. ನನಗೆ ಬರೆಯುತ್ತಾ ಬರೆಯುತ್ತಾ ಒಂದು ತುಳು ಪದ ಸಿಕ್ಕಿಹಾಕಿಕೊಳ್ಳುತ್ತದೆ. ತುಳು ನಿಘಂಟು ಆರು ಸಂಪುಟ, ಹೆಗಲಿಗೆ ಹಾಕಿಕೊಂಡು ತಿರುಗಲಿಕ್ಕೆ ಆಗುತ್ತದಾ? ಕೊಣಾಜೆಯಲ್ಲಾದರೆ ಎದ್ದು ಹೋಗಿ ಕಪಾಟಿನಿಂದ ತೆಗೆದರಾಯಿತು. ಒಂದು ಪದ ಹುಡುಕಲು ಹೋಗಿ ಪಕ್ಕದ ಪುಟದಲ್ಲಿ ಅರ್ಧ ಗಂಟೆ ಕಳೆದದ್ದೂ ಉಂಟು. ಆ ಅರ್ಧ ಗಂಟೆಗೆ ಬೇಸರವಿಲ್ಲ.

ಪುಸ್ತಕ ಎಲ್ಲಿದೆ ಅಂತ ಕಂಪ್ಯೂಟರಿನಲ್ಲಿ ಹುಡುಕಬಹುದು. ಜರ್ನಲ್‌ಗಳದ್ದು ಇನ್ನೊಂದು ಲಾಭ. 2025ರ ಜನವರಿ 1ರಿಂದ ಕೇಂದ್ರದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿವಿಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗುವಂತಾಗಿದೆ. ಮನೆಯಲ್ಲಿ ಒಂದು ಲೇಖನಕ್ಕೆ ಡಾಲರ್ ಕೇಳಿದ ಪುಟ ಕ್ಯಾಂಪಸ್ಸಿನಲ್ಲಿ ಸುಮ್ನೆ ತೆರೆದುಕೊಂಡಿತು. ಹಳೆ ಪ್ರಬಂಧಗಳಿಗೆ ಮಾತ್ರ ಕೊಣಾಜೆಯವರೆಗೆ ಹೋಗಬೇಕಾಗಿಲ್ಲ. ಪಿಎಚ್‌ಡಿ ಪ್ರಬಂಧಗಳ ವೆಬ್‌ಸೈಟ್ ಶೋಧಗಂಗಾ ಮನೆಯಲ್ಲೇ ತೆರೆಯುತ್ತದೆ.

ಕಣ್ಣು ಸೋತರೆ ಎದ್ದು ಒಂದು ಸುತ್ತು ನಡೆಯಬಹುದು. 353 ಎಕರೆಯ ಗುಡ್ಡ. 1968ರಲ್ಲಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಅಂತ ಶುರುವಾಗಿ, 1980ರಲ್ಲಿ ಬೇರೆ ವಿಶ್ವವಿದ್ಯಾಲಯವಾದ ಜಾಗ. ಜೂನ್ ಮಳೆ ಹಿಡಿದರೆ ಆ ಸುತ್ತು ಇಲ್ಲ. ಕಿಟಕಿ ಪಕ್ಕದ ಮೇಜು ಹಿಡಿದು ಕೂತುಕೊಳ್ಳುವುದು, ಅಷ್ಟೇ.

ಬರೀ ಪೇಪರ್ ಓದಲಿಕ್ಕಾದರೆ ಇವೆರಡೂ ಬೇಡ, ಊರಿನ ಸಾರ್ವಜನಿಕ ಗ್ರಂಥಾಲಯ ಸಾಕು. 1965ರ ಕಾಯ್ದೆಯಂತೆ ಮನೆ ತೆರಿಗೆಯ ರೂಪಾಯಿಗೆ 6 ಪೈಸೆ ಅದಕ್ಕೆಂದೇ ಕಟ್ಟುತ್ತೇವೆ.

ರಾತ್ರಿ ಹನ್ನೊಂದರವರೆಗೆ ಓದುವವರು ರೀಡಿಂಗ್ ರೂಮನ್ನೇ ಹಿಡಿಯಿರಿ, ಕೊಣಾಜೆ ನಿಮಗಲ್ಲ. ನಾನು ಬೆಳಿಗ್ಗೆ ಓದುವವಳು, ಸಂಜೆ ಆರೂವರೆಗೆ ಮನೆಯಲ್ಲಿರಬೇಕು. ಬಸ್ಸು, ಚಾ ಎಲ್ಲ ಸೇರಿ ದಿನಕ್ಕೆ ನೂರರ ಒಳಗೆ ಮುಗಿಯುತ್ತದೆ. ಬಸ್ಸಿನ ಗಂಟೆಯೂ ಪೂರ್ತಿ ದಂಡವಲ್ಲ. ದೇರಳಕಟ್ಟೆಯಲ್ಲಿ ಆಸ್ಪತ್ರೆಯವರು, ಮೆಡಿಕಲ್ ಮಕ್ಕಳು ಇಳಿದ ಮೇಲೆ ಸೀಟು ಸಿಗುತ್ತದೆ. ಅಲ್ಲಿಂದ ನೋಟ್ಸ್ ತೆರೆಯುತ್ತೇನೆ.

ರೀಡಿಂಗ್ ರೂಮಿನಲ್ಲಿ ಇನ್ನೂ ಒಂದು ತಿಂಗಳು ಬಾಕಿ ಇತ್ತು. ತಮ್ಮ ಹೋಗಿ ಕೂರಲಿ ಅಂತ ಮಾಲೀಕರನ್ನು ಕೇಳಿದೆ. “ಆಗುವುದಿಲ್ಲ ಮೇಡಂ, ಹೆಬ್ಬೆರಳು ನಿಮ್ಮದಲ್ವಾ ಕೊಟ್ಟದ್ದು” ಅಂದರು.