ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಮನೆಯ ಬಿಪಿ ಮಷೀನ್: ಕೊಳ್ಳಿ, ಆದರೆ ತೋಳಿನ ಪಟ್ಟಿಯ ಅಳತೆ ನೋಡಿ

ತೋಳಿಗೆ ಕಟ್ಟುವ ಡಿಜಿಟಲ್ ಮಷೀನೇ ತಗೊಳ್ಳಿ, ಮಣಿಕಟ್ಟಿನದು ಬೇಡ. ಜೊತೆಗೆ ಬರುವ, ತೋಳಿಗೆ ಸುತ್ತುವ ಪಟ್ಟಿ (ಕಫ್) ಸಾಮಾನ್ಯವಾಗಿ 22–32 ಸೆಂ.ಮೀ. ಸುತ್ತಳತೆಯ ತೋಳಿಗೆ, ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಪೀಣ್ಯ, ಬೊಮ್ಮನಹಳ್ಳಿಯ ಕಾರ್ಖಾನೆಗಳಲ್ಲಿ ಟಾರ್ಗೆಟ್ ಮುಟ್ಟಿಸಲು ಎಷ್ಟೋ ಜನ ನೀರು ಕುಡಿಯದೆ, ಮೂತ್ರ ತಡೆದುಕೊಂಡೇ ಹೊಲಿಯುತ್ತಾರೆ. ಉರಿಮೂತ್ರಕ್ಕೆ ಅದೇ ದಾರಿ. ತುಂಬಿದ ಮೂತ್ರಕೋಶ ಬಿಪಿಯನ್ನೂ ಏರಿಸುತ್ತದೆ. ಹಾಗಾಗಿ ಶಿಫ್ಟ್ ಮುಗಿಸಿ ಬಸ್ಸಿಳಿದ ಕೂಡಲೇ ಅಳೆಯಬೇಡಿ. ಬಚ್ಚಲಿಗೆ ಹೋಗಿಬಂದು, ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ತೋಳು ಎದೆಮಟ್ಟಕ್ಕಿಟ್ಟು 5 ನಿಮಿಷ ಸುಮ್ಮನೆ ಕೂತ ಮೇಲೆ, 1 ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ದಿನವೂ 135/85 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ. ಕೆಲಸದಲ್ಲಿ ಶೌಚಾಲಯಕ್ಕೆ ಬಿಡುವು ಸಿಗುತ್ತದೋ ಇಲ್ಲವೋ, ಅದನ್ನೂ ಅವರಿಗೆ ಹೇಳಿ.